ಕ್ಷೀರಸಾಗರ ಭಟ್ಟರ ಪೇಟೆ

‘ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ’ ಎಂಬ ಗಾದೆಯನ್ನು ಕಟ್ಟಿದ ಹಿರಿಯರು ಮೈಕ್ರೋಕಂಟ್ರೋಲರನ್ನು ಕಂಡವರಲ್ಲ. ಆದರೂ ಅದನ್ನು ಕೊಳ್ಳಲು ಹೊರಟವರಿಗೆ ಈ ಗಾದೆಗಿಂತ ಹಿತವಾದ ಉಪದೇಶ ಇನ್ನೊಂದಿಲ್ಲ.

ಬಟ್ಟೆ ಒಗೆಯುವ ಯಂತ್ರ, ರಕ್ತದೊತ್ತಡ ಅಳೆಯುವ ಉಪಕರಣ, ಮಕ್ಕಳ ಆಟಿಕೆ ಇವುಗಳ ಒಡಲಲ್ಲಿ ಅಡಗಿ ಕೆಲಸ ನಡೆಸುವ ಉಗುರಗಲದ ಗಣಕವೇ ಮೈಕ್ರೋಕಂಟ್ರೋಲರ್. ಕಂಪ್ಯೂಟರಿನೊಡನೆ ಅದು ಮಾತನಾಡುವ ಬಾಗಿಲುಗಳಲ್ಲಿ ಯುಎಸ್‌ಬಿ ಬಹು ಪರಿಚಿತವಾದುದು. ಆ ಬಾಗಿಲು ಎಷ್ಟು ಅಗಲವೆಂಬುದರ ಮೇಲೆ ಇಡೀ ಉಪಕರಣದ ಭವಿಷ್ಯ ನಿಂತಿರುವುದುಂಟು.

ಇಂಜಿನಿಯರಿಂಗ್ ಓದುವ ತರುಣನೊಬ್ಬನನ್ನು ಕಲ್ಪಿಸಿಕೊಳ್ಳಿ. ಲೋಹದಲ್ಲಿ ಬಿರುಕು ಮೂಡುವಾಗ ಹೊಮ್ಮುವ, ಕಿವಿಗೆ ಕೇಳದ ಸದ್ದನ್ನು ದಾಖಲಿಸುವ ಉಪಕರಣವನ್ನು ಕೊನೆಯ ವರ್ಷದ ಯೋಜನೆಗೆಂದು ಅವನು ಕೈಗೆತ್ತಿಕೊಂಡಿದ್ದಾನೆ. ತಾಯಿ ಚೀಟಿ ಎತ್ತಿ ಹಣ ಕೊಟ್ಟಿದ್ದಾಳೆ. ಎರಡು ಸಂವೇದಕಗಳು, ಒಂದೊಂದರಿಂದಲೂ ಸೆಕೆಂಡಿಗೆ 10 ಲಕ್ಷ ಅಳತೆಗಳು, ಪ್ರತಿ ಅಳತೆಗೆ 2 ಬೈಟ್. ಎಂದರೆ ಸೆಕೆಂಡಿಗೆ 40 ಲಕ್ಷ ಬೈಟುಗಳು ಬಾಗಿಲು ದಾಟಬೇಕು. ಅವನು ಆರಿಸಿದ್ದು ಎಸ್‌ಟಿಎಂ32ಎಫ್407. ಅದರ ವಿವರಪತ್ರದಲ್ಲಿ ‘ಹೈ ಸ್ಪೀಡ್’ ಯುಎಸ್‌ಬಿ ಎಂಬ ಮಾತಿತ್ತು. ಬೋರ್ಡು ಸಿದ್ಧವಾಗಿ ಬಂತು, ಬೆಸುಗೆಯೂ ಮುಗಿಯಿತು. ಆದರೆ ಸೆಕೆಂಡಿಗೆ 12 ಲಕ್ಷ ಬೈಟಿನಾಚೆಗೆ ಅದು ಹೆಜ್ಜೆಯನ್ನೇ ಇಡದು!

ಇಲ್ಲಿರುವುದು ಹೆಸರುಗಳ ಮಾಯೆ. 1996ರಲ್ಲಿ ಯುಎಸ್‌ಬಿ ಹೊರಬಂದಾಗ ಸೆಕೆಂಡಿಗೆ 120 ಲಕ್ಷ ಬಿಟ್‌ಗಳ ವೇಗವನ್ನು ‘ಫುಲ್ ಸ್ಪೀಡ್’ ಎಂದು ಕರೆದರು. 2000ದಲ್ಲಿ ಅದರ ನಲವತ್ತು ಪಟ್ಟು, ಎಂದರೆ 48 ಕೋಟಿ ಬಿಟ್‌ಗಳ ‘ಹೈ ಸ್ಪೀಡ್’ ಬಂತು. ಪೂರ್ಣ ವೇಗವೇ ಹಿಂದುಳಿಯಿತು! ‘ಯುಎಸ್‌ಬಿ 2.0’ ಎಂಬ ಚೀಟಿಯನ್ನು ನಂಬುವಂತೆಯೂ ಇಲ್ಲ; ಹಳೆಯ ನಿಧಾನದ ವೇಗಗಳಿಗೂ ಅದರಲ್ಲಿ ಸ್ಥಾನವುಂಟು.

ತರುಣನ ಮೈಕ್ರೋಕಂಟ್ರೋಲರಿನಲ್ಲಿ ಹೈ ಸ್ಪೀಡ್ ನಿಯಂತ್ರಕವೇನೋ ಇತ್ತು. ಆದರೆ ತಂತಿಯ ಮೇಲೆ ಸಂಕೇತವನ್ನು ಹರಿಯಬಿಡುವ ‘ಫೈ’ ಎಂಬ ಭಾಗ ಅದರೊಳಗೆ ಫುಲ್ ಸ್ಪೀಡಿನದು ಮಾತ್ರ. ನಿಜವಾದ ವೇಗ ಬೇಕಾದರೆ ಹೊರಗೆ ಬೇರೊಂದು ಚಿಪ್ಪನ್ನು ಕೂರಿಸಿ, ‘ಯುಎಲ್‌ಪಿಐ’ ಎಂಬ ಏರ್ಪಾಟಿನ 12 ಗೆರೆಗಳನ್ನು ಎಳೆಯಬೇಕು. ಇದನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ವಿವರಪತ್ರದ ಅದೇ ಸಾಲಿನ ಕೊನೆಯಲ್ಲಿ ಅಚ್ಚಾಗಿತ್ತು.

ಹಾಗಾದರೆ ಮಾರ್ಗವಿಲ್ಲವೆ? ಉಂಟು. ಎಸ್‌ಟಿಎಂ32ಎಫ್723ರಲ್ಲಿ ಹೈ ಸ್ಪೀಡಿನ ಫೈ ಒಳಗೇ ಇದೆ. ಟೀನ್ಸಿ 4.1 ಬೋರ್ಡಿನಲ್ಲಿರುವ ಐ.ಎಂಎಕ್ಸ್ ಆರ್‌ಟಿ1062ರಲ್ಲಿ ಅಂಥ ಬಾಗಿಲುಗಳು ಎರಡು: ಒಂದನ್ನು ಕಂಪ್ಯೂಟರಿಗೆ ಜೋಡಿಸಿ, ಇನ್ನೊಂದಕ್ಕೆ ಪೆನ್‌ಡ್ರೈವ್ ಸಿಕ್ಕಿಸಬಹುದು. ಯುಎಸ್‌ಬಿಯಲ್ಲಿ ಒಬ್ಬ ಯಜಮಾನ, ಉಳಿದವರು ಅವನು ಕೇಳಿದಾಗ ಉತ್ತರಿಸುವವರು. ಆದ್ದರಿಂದ ಪೆನ್‌ಡ್ರೈವಿನ ಮುಂದೆ ಯಜಮಾನನಾಗಿ ನಿಲ್ಲಬಲ್ಲ ಬಾಗಿಲು ಯಾವುದೆಂದು ಮೊದಲೇ ವಿಚಾರಿಸಬೇಕು.

ಹಾಗೆಂದು ಎಲ್ಲರೂ ವೇಗದ ಬೆನ್ನು ಹತ್ತಬೇಕಾಗಿಲ್ಲ. ಕೀಲಿಮಣೆಗೋ ಉಷ್ಣಮಾಪಕಕ್ಕೋ ಫುಲ್ ಸ್ಪೀಡೇ ಧಾರಾಳ. 2021ರಲ್ಲಿ ಬಂದ ಅಗ್ಗದ ಆರ್‌ಪಿ2040 ಅಂಥ ಕೆಲಸಗಳನ್ನು ಸಲೀಸಾಗಿ ಪೂರೈಸುತ್ತದೆ. ಮೊದಲು ಲೆಕ್ಕ, ಆಮೇಲೆ ಬಾಗಿಲು, ಕೊನೆಗೆ ಬೆಲೆ: ಇದೇ ಜಾಣರ ಕ್ರಮ.

ತರುಣನ ತಾಯಿಗೆ ಈ ಹೆಸರುಗಳೊಂದೂ ತಿಳಿಯದು. ನಿರುಪಯೋಗಿಯಾದ ಬೋರ್ಡನ್ನು ಕಂಡು ಅವಳು ಕೇಳಿದ್ದು ಒಂದೇ ಮಾತು:

“ಕೊಳ್ಳುವ ಮುಂಚೆ ಓದಿ ನೋಡಲಿಲ್ಲವೇನೋ?”

“ಓದಿದೆನಮ್ಮ,” ಎಂದನು ಮಗ, “ಅರ್ಧ ಸಾಲು ಓದಿದೆ.”