ಮೌನವು ಮದ್ದಲ್ಲ

ಘಟ್ಟದ ಮೇಲಣ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಆಟದ ರಾತ್ರಿಯೆಂದರೆ ಊರಿಗೆಲ್ಲ ಹಬ್ಬ. ಗಂಡಸು ಸೀರೆಯುಟ್ಟು, ಮುಡಿ ಕಟ್ಟಿ, ಬಣ್ಣ ಹಚ್ಚಿಕೊಂಡು ರಂಗಕ್ಕೆ ಬಂದು, ಅಂಬೆಯಾಗಿಯೋ ದ್ರೌಪದಿಯಾಗಿಯೋ ಗೋಳಿಟ್ಟರೆ ಮುದುಕರು ತಲೆದೂಗುತ್ತಾರೆ. ಹೆಂಗಸರು ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಾರೆ. ಒಳ್ಳೆಯ ಸ್ತ್ರೀವೇಷಧಾರಿಗೆ ಶಾಲು ಹೊದೆಸಿ ಸನ್ಮಾನಿಸುವುದರಲ್ಲಿ ಈ ಸೀಮೆ ಹಿಂದೆಬಿದ್ದುದಿಲ್ಲ. ಗಂಡಿನ ಮೈಯಲ್ಲಿ ಹೆಣ್ಣಿನ ಜೀವವನ್ನು ಕಾಣಬಲ್ಲ ಇಂಥ ರಸಿಕತೆ ಎಲ್ಲ ನಾಡಿಗೂ ದಕ್ಕಿದ ಭಾಗ್ಯವಲ್ಲ. ಆದರೆ ಅದೇ ಪ್ರೇಕ್ಷಕನು ಬೆಳಗಿನ ಮಂಗಳವಾದ ಮೇಲೆ ಮನೆಗೆ ಬಂದಾಗ, ಅವನ ಮಗಳು ಕಂಬವನ್ನು ಹಿಡಿದು ನಿಂತು, 'ಅಪ್ಪಾ, ನಾನು ಮಗಳಲ್ಲ, ಮಗ' ಎಂದಳೆನ್ನಿ. ರಾತ್ರಿಯ ರಸಿಕತೆ ಆ ಕ್ಷಣಕ್ಕೆ ಎಲ್ಲಿ ಹೋಗುತ್ತದೆಯೋ ತಿಳಿಯದು. ವೇಷಕ್ಕೆ ಸಂದ ಮರ್ಯಾದೆ ನಿಜಕ್ಕೆ ಸಲ್ಲುವುದಿಲ್ಲ. ಕದವಿಕ್ಕಿಕೊಂಡು, ಮಾತು ಅಂಗಳ ದಾಟದಂತೆ ಕಾಯುವುದೇ ಮನೆತನದ ಗೌರವವೆನಿಸುತ್ತದೆ. ಆ ಗೌರವದ ಬೆಲೆಯನ್ನು ತೆರುವುದು ಮಾತ್ರ ಮಗುವಿನ ಮೈ.

ಇಲ್ಲಿ ಹೇಳುತ್ತಿರುವುದು ಯಾರ ವಿಷಯವೆಂಬುದನ್ನು ಮೊದಲೇ ಸ್ಪಷ್ಟಪಡಿಸುವುದು ಲೇಸು. ಜಡೆ ಕತ್ತರಿಸಿಕೊಂಡ ಹುಡುಗಿಯರೆಲ್ಲರೂ, ಅಡಿಕೆ ಮರ ಹತ್ತಬಲ್ಲ ಹುಡುಗಿಯರೆಲ್ಲರೂ ಈ ಮಾತಿಗೆ ಸೇರಿದವರಲ್ಲ. ಅವರು ಗಟ್ಟಿಗಿತ್ತಿಯರಾದ ಹೆಣ್ಣುಮಕ್ಕಳು, ಅಷ್ಟೆ. ಹುಟ್ಟುವಾಗಲೇ ದೇಹದ ಕುರುಹುಗಳು ಗಂಡೋ ಹೆಣ್ಣೋ ಎಂದು ನಿಶ್ಚಯಿಸಲು ಬಾರದಂತೆ ಇರುವ ಶಿಶುಗಳ ವಿಷಯವೂ ಬೇರೆ. ಹುಟ್ಟಿದಾಗ ಹೆಣ್ಣೆಂದು ಬರೆಯಲ್ಪಟ್ಟು, ತಿಳಿವು ಮೂಡಿದಂದಿನಿಂದ ಆ ಬರಹವನ್ನು ಒಳಗಿನ ಜೀವ ಒಪ್ಪದೆ, ತಾನು ಗಂಡೆಂದು, ಇಲ್ಲವೆ ಎರಡೂ ಅಲ್ಲವೆಂದು ಅರಿತವರ ವಿಷಯವಿದು. ಅಂಥವರಲ್ಲಿ ಗಂಡೆಂದು ಅರಿತವನನ್ನು ಇನ್ನು ಮುಂದೆ 'ಅವನು' ಎಂದೇ ಕರೆಯುವುದು ನ್ಯಾಯ.

ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಬಯಸುವವರಿಗೆ ಈ ದೇಶದಲ್ಲಿ ಬಡತನದ್ದಾದರೂ ಒಂದು ಆಸರೆಯುಂಟು. ಹಿಜಡಾ ಸಮುದಾಯದಲ್ಲಿ ಗುರುವಿನ ಮನೆಯುಂಟು. ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಜೋಗಪ್ಪಂದಿರ ಪರಂಪರೆಯುಂಟು. ಆ ಬಾಳು ಸುಖದ್ದೆಂದು ಯಾರೂ ಹೇಳರು. ಆದರೂ ಹೊರದಬ್ಬಿದವನಿಗೆ ಸೇರಲು ಒಂದು ಬಾಗಿಲಿದೆ. ಹೆಣ್ಣೆಂದು ಹುಟ್ಟಿದವನಿಗೆ ಅಂಥ ಬಾಗಿಲೇ ಇಲ್ಲ. ಅವನನ್ನು ಯಾರೂ ಹೊರದಬ್ಬುವುದೂ ಇಲ್ಲ, ಒಳಗೆ ಕೂಡಿಹಾಕುತ್ತಾರೆ. ಆದುದರಿಂದಲೇ ಅವನು ಲೋಕದ ಕಣ್ಣಿಗೆ ಬೀಳುವುದಿಲ್ಲ. 2003ರಲ್ಲಿ ಕರ್ನಾಟಕದ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಸ್ಥೆಯು ಹೊರತಂದ ಪ್ರಸಿದ್ಧ ವರದಿಯು ಬೆಂಗಳೂರಿನ ಹಿಜಡಾ ಮತ್ತು ಕೋತಿಗಳ ಮೇಲಣ ಹಿಂಸೆಯನ್ನು ಕುರಿತದ್ದಾಗಿತ್ತು. ಬೀದಿಯಲ್ಲಿ ಹೊಡೆತ ತಿಂದವರ ಕೂಗು ಹಾಗಾದರೂ ಪುಸ್ತಕಕ್ಕೇರಿತು. ಕೋಣೆಯಲ್ಲಿ ಹೊಡೆತ ತಿಂದವನ ಕೂಗು ಜಗುಲಿಯವರೆಗೂ ಬರುವುದಿಲ್ಲ. 2011ರ ಜನಗಣತಿಯಲ್ಲಿ ಗಂಡು ಹೆಣ್ಣುಗಳಲ್ಲದೆ 'ಇತರ' ಎಂಬ ಅಂಕಣವಿತ್ತು. ದೇಶದಲ್ಲಿ 4,87,803 ಜನರೂ ಕರ್ನಾಟಕದಲ್ಲಿ 20,266 ಜನರೂ ಅದರಲ್ಲಿ ಎಣಿಕೆಯಾದರು. ಎಣಿಸುವವನು ಮನೆಬಾಗಿಲಿಗೆ ಬಂದಾಗ ಉತ್ತರ ಹೇಳಿದವನು ಮನೆಯ ಯಜಮಾನ. ಮಗಳೆಂದು ಅವನು ಹೇಳಿದ ಮೇಲೆ ಆ ಅಂಕಣಕ್ಕೆ ಆ ಮಗು ಸೇರುವ ಬಗೆಯೆಂತು?

ಸುಶಿಕ್ಷಿತರು ಇದಕ್ಕೆ ಒಡ್ಡುವ ಮೊದಲನೆಯ ಆಕ್ಷೇಪ, ಇದು ಪಟ್ಟಣದ ಹುಚ್ಚು, ಪರದೇಶದಿಂದ ಬಂದ ರೋಗವೆಂಬುದು. ಹೀಗೆನ್ನುವವರ ಮನೆಯ ಅಟ್ಟದ ಮೇಲೆ ಮಹಾಭಾರತದ ಗ್ರಂಥವಿರುತ್ತದೆ. ಉದ್ಯೋಗಪರ್ವದ ಅಂಬೋಪಾಖ್ಯಾನವನ್ನು ಅವರು ಒಮ್ಮೆ ತೆರೆದು ನೋಡಲಿ. ದ್ರುಪದನ ಮನೆಯಲ್ಲಿ ಹೆಣ್ಣಾಗಿ ಹುಟ್ಟಿದ ಶಿಖಂಡಿ ಮಗನಾಗಿ ಬೆಳೆದನು. ದೊಡ್ಡವರು ನಿಜವನ್ನು ಮುಚ್ಚಿಟ್ಟು ದಶಾರ್ಣದ ರಾಜನ ಮಗಳೊಡನೆ ಮದುವೆ ಮಾಡಿದರು. ಗುಟ್ಟು ರಟ್ಟಾಗಿ ಬೀಗನು ದಂಡೆತ್ತಿ ಬರುವೆನೆಂದನು. ತನ್ನಿಂದ ತಂದೆತಾಯಿಗಳಿಗೆ ಕೇಡಾಯಿತೆಂದು ಶಿಖಂಡಿ ಪ್ರಾಣ ಬಿಡಲು ಕಾಡಿಗೆ ಹೋದನು. ಮುಚ್ಚಿಡುವುದು, ಮದುವೆ ಮಾಡುವುದು, ಬೀಗರ ಕೋಪ, ಕಾಡಿನ ದಾರಿ — ಈ ನಾಲ್ಕು ಮೆಟ್ಟಿಲುಗಳು ಇಂದಿಗೂ ಹಾಗೆಯೇ ಇವೆ. ವ್ಯತ್ಯಾಸವಿಷ್ಟೆ: ಕಾಡಿನಲ್ಲಿ ಶಿಖಂಡಿಗೆ ಸ್ಥೂಣಾಕರ್ಣನೆಂಬ ಯಕ್ಷನು ಸಿಕ್ಕಿದನು, ಶಾಸ್ತ್ರವನ್ನು ಹೇಳಲಿಲ್ಲ, ಗದರಲಿಲ್ಲ, ನಿನ್ನ ಸಂಕಟವೇನೆಂದು ಕೇಳಿದನು, ತನ್ನ ಗಂಡುತನವನ್ನೇ ಕೊಟ್ಟು ಕುಬೇರನ ಶಾಪಕ್ಕೂ ಗುರಿಯಾದನು. ವ್ಯಾಸರು ಕರುಣೆಯಿಂದ ಕಂಡ ಆ ಹೆಸರನ್ನು ಜನ ಬೈಗುಳ ಮಾಡಿಕೊಂಡರು. ಕೆಟ್ಟದ್ದು ಪರದೇಶದಿಂದ ಬಂದಿಲ್ಲ. ಒಳ್ಳೆಯದೇ ಸ್ವದೇಶದಲ್ಲಿ ಮರೆತುಹೋಗಿದೆ.

ಇನ್ನು ಮಗನೆಂದು ಕರೆಯಲು ನಾಲಗೆ ಹೊರಳದೆಂಬವರುಂಟು. ಹವ್ಯಕರ ಮನೆಮಾತಿನಲ್ಲಿ ಹೆಣ್ಣುಮಗು ಕೂಸು, ಗಂಡುಮಗು ಮಾಣಿ. ಹೆಂಗಸಿನ ಮಾತು ಬಂದಾಗ ನಪುಂಸಕಲಿಂಗದ ಪ್ರತ್ಯಯವನ್ನೇ ಹಚ್ಚಿ 'ಆಯಿ ಬಂತು' ಎನ್ನುವುದು ಅಲ್ಲಿಯ ಹಳೆಯ ರೂಢಿ. ಹಾಗೆಂದ ಮಾತ್ರಕ್ಕೆ ಆಯಿಯ ಮಾನ ಹೋಯಿತೆಂದು ಯಾರೂ ಭಾವಿಸಿದ್ದಿಲ್ಲ. ಶಬ್ದದ ಲಿಂಗಕ್ಕೂ ದೇಹದ ಲಿಂಗಕ್ಕೂ ಬಿಡದ ಗಂಟಿಲ್ಲವೆಂದು ತಲೆತಲಾಂತರದಿಂದ ಸಾರಿಕೊಂಡು ಬಂದ ಮನೆಮಾತಿಗೆ, ಕೂಸನ್ನು ಮಾಣಿಯೆನ್ನುವುದು ಅಷ್ಟು ಕಷ್ಟವಾಗಬೇಕೆ? ನಾಲಗೆಗೆ ಕಷ್ಟವಿಲ್ಲ, ನೆರೆಮನೆಯವರ ಕಿವಿಯ ಭಯವಿದೆ.

ಎರಡನೆಯ ಆಕ್ಷೇಪ, ಇದು ಮನೋರೋಗ, ಮದುವೆಯಾದರೆ ಸರಿಹೋದೀತೆಂಬುದು. ಮನೋರೋಗವೆಂಬ ಮಾತನ್ನು ವೈದ್ಯಶಾಸ್ತ್ರವೇ ಕೈಬಿಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರ ಜನವರಿ 1ರಿಂದ ಜಾರಿಗೆ ತಂದ ರೋಗವರ್ಗೀಕರಣದ 11ನೆಯ ಆವೃತ್ತಿಯಲ್ಲಿ ಇದನ್ನು ಮನೋವಿಕಾರಗಳ ಅಧ್ಯಾಯದಿಂದ ತೆಗೆದುಹಾಕಲಾಯಿತು. ವೈದ್ಯಕೀಯ ನೆರವು ತಪ್ಪಬಾರದೆಂದು ಲೈಂಗಿಕ ಆರೋಗ್ಯದ ಅಧ್ಯಾಯದಲ್ಲಿ ಇರಿಸಲಾಯಿತು. ಮದ್ರಾಸು ಉಚ್ಚ ನ್ಯಾಯಾಲಯದ ನಿರ್ದೇಶನದ ಮೇರೆಗೆ ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ, ಇಂಥವರನ್ನು ಬಲವಂತದಿಂದ 'ಬದಲಿಸುವ' ಚಿಕಿತ್ಸೆಯು ವೈದ್ಯವೃತ್ತಿಗೆ ಸಲ್ಲದ ದುರ್ನಡತೆಯೆಂದು ಸಾರಿತು. ಮಾಟ ತೆಗೆಯುವವನ ಬಳಿಗೂ ನಿದ್ರೆಯ ಗುಳಿಗೆ ಕೊಡುವವನ ಬಳಿಗೂ ಮಗುವನ್ನು ಎಳೆದೊಯ್ಯುವ ತಂದೆಯು, ತಾನು ಶಾಸ್ತ್ರಕ್ಕೂ ವಿಜ್ಞಾನಕ್ಕೂ ಏಕಕಾಲಕ್ಕೆ ದೂರವಾದೆನೆಂದು ತಿಳಿಯತಕ್ಕದ್ದು.

ಮದುವೆಯ ಮದ್ದಂತೂ ಎರಡು ಜೀವಗಳನ್ನು ಒಟ್ಟಿಗೆ ಕೊಲ್ಲುವ ವಿಷ. ತೋಟಿಗರ ಮನೆಗಳಲ್ಲಿ ವರರಿಗೆ ಕನ್ಯೆ ದೊರೆಯದ ಕಾಲವಿದು. ಆದಕಾರಣ ಹೆಣ್ಣೆಂದು ಬರೆಯಲ್ಪಟ್ಟ ಮಗುವಿನ ಮೇಲೆ ನಾಲ್ಕೂ ಕಡೆಯಿಂದ ಜಾತಕಗಳು ಬಂದು ಬೀಳುತ್ತವೆ. 'ಒಲ್ಲೆ' ಎಂದರೆ ಬಿಂಕವೆನ್ನುತ್ತಾರೆ, ಅತ್ತರೆ ನಾಚಿಕೆಯೆನ್ನುತ್ತಾರೆ. ತನ್ನ ದೇಹವನ್ನು ತಾನೇ ಮುಟ್ಟಲು ಹೇಸುವವನನ್ನು ಇನ್ನೊಬ್ಬನ ಹಾಸಿಗೆಗೆ ಕಳಿಸುವುದಕ್ಕೆ ಕನ್ಯಾದಾನವೆಂಬ ಹೆಸರಿಟ್ಟ ಮಾತ್ರಕ್ಕೆ ಅದು ಪುಣ್ಯವಾಗಲಾರದು. ಏನೂ ಅರಿಯದೆ ತಾಳಿ ಕಟ್ಟಿದ ಆ ಬಡ ವರನಾದರೂ ಮಾಡಿದ ಪಾಪವೇನು?

ಆದರೆ ಎಲ್ಲಕ್ಕಿಂತ ಹೆಚ್ಚು ಗಮನ ಸಲ್ಲಬೇಕಾದದ್ದು, ಎಲ್ಲಕ್ಕಿಂತ ಕಡಮೆ ಮಾತಿಗೆ ಬರುವುದು, ಆರೋಗ್ಯದ ವಿಷಯ. ಮುಟ್ಟಿನ ಮೂರು ದಿನ ಹೊರಗೆ ಕೂರಿಸುವ ಕ್ರಮವು ಅನೇಕ ಮನೆಗಳಲ್ಲಿ ಸಡಿಲವಾಗಿದ್ದರೂ ಪೂರ್ತಿ ಅಳಿದಿಲ್ಲ. ಹೆಣ್ಣಿಗೇ ಅದು ಅವಮಾನ. ಹೆಣ್ಣಲ್ಲದವನಿಗೆ ತಿಂಗಳಿಗೊಮ್ಮೆ ಊರಿನೆದುರು ಡಂಗುರ ಸಾರಿಸಿಕೊಂಡಂತೆ. ಮೊಲೆಗಳು ಕಾಣಬಾರದೆಂದು ಎದೆಗೆ ಬಟ್ಟೆಯನ್ನು ಬಿಗಿದು ಸುತ್ತಿ ಶಾಲೆಗೆ ಹೋಗುವವನಿಗೆ ಉಸಿರು ಕಟ್ಟುತ್ತದೆ, ಪಕ್ಕೆಲುಬು ನೋಯುತ್ತದೆ, ಚರ್ಮ ಬೆವತು ಹುಣ್ಣಾಗುತ್ತದೆ. ಅವನು ಅದನ್ನು ಹೇಳನು, ಕೇಳುವವರಿಲ್ಲ. ಮುಟ್ಟು ಏರುಪೇರಾಗಿ ಮೋರೆಯಲ್ಲಿ ಕೂದಲು ಮೂಡಿದರೆ, 'ಹಾರ್ಮೋನು ಕೆಟ್ಟದ್ದರಿಂದಲೇ ಈ ಗಂಡುಬುದ್ಧಿ' ಎಂದು ಮನೆಯವರು ತೀರ್ಮಾನಿಸುತ್ತಾರೆ. ಪಿಸಿಓಎಸ್ ಎಂದು ವೈದ್ಯರು ಕರೆಯುವ ಆ ತೊಂದರೆಯು ಅಸಂಖ್ಯ ಹೆಂಗಸರಿಗುಂಟು. ಅವರೆಲ್ಲರೂ ತಮ್ಮನ್ನು ಹೆಂಗಸರೆಂದೇ ತಿಳಿದಿದ್ದಾರೆ. ಅದಕ್ಕೆ ಮದ್ದು ಕೊಡಬೇಕಾದದ್ದು ಸರಿಯೆ. ಆ ಮದ್ದಿನಿಂದ ಮನುಷ್ಯನ ಅರಿವು ಬದಲಾದೀತೆಂಬುದು ಭ್ರಮೆ.

ಮನೆಯಲ್ಲಿ ಹೇಳಲಾಗದೆ, ವೈದ್ಯನಲ್ಲಿಗೆ ಹೋಗಲಾಗದೆ, ಯೌವನದಲ್ಲಿ ಕೆಲವರು ಕಳ್ಳದಾರಿಯಿಂದ ಟೆಸ್ಟೋಸ್ಟೆರಾನ್ ಚುಚ್ಚುಮದ್ದನ್ನು ತರಿಸಿ ಅಳತೆಯಿಲ್ಲದೆ ಚುಚ್ಚಿಕೊಳ್ಳುವ ಅಪಾಯವುಂಟು. ಈ ಮದ್ದು ವೈದ್ಯನ ಕಣ್ಗಾವಲಿನಲ್ಲಿ ಅನೇಕರಿಗೆ ಬಾಳನ್ನು ಹಿಂದಿರುಗಿಸಿದ್ದೇನೋ ನಿಜ: ದನಿ ಗಡುಸಾಗುತ್ತದೆ, ಗಡ್ಡ ಮೂಡುತ್ತದೆ, ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಮುಟ್ಟು ನಿಲ್ಲುತ್ತದೆ. ಆದರೆ ಒಮ್ಮೆ ಒಡೆದ ದನಿ ಮರಳಿ ಕೂಡದು. ರಕ್ತದಲ್ಲಿ ಕೆಂಪುಕಣಗಳು ಮಿತಿಮೀರಿ ರಕ್ತ ಮಂದವಾಗುವ ಭಯವಿದೆ; ಆದುದರಿಂದ ಕಾಲಕಾಲಕ್ಕೆ ರಕ್ತಪರೀಕ್ಷೆ ಆಗಲೇಬೇಕು. ಮುಟ್ಟು ನಿಂತಿತೆಂದು ಗರ್ಭ ನಿಲ್ಲದೆಂದು ತಿಳಿಯುವುದೂ ತಪ್ಪು. ಗರ್ಭಕೋಶದ ಕೊರಳು ದೇಹದಲ್ಲಿರುವವರೆಗೆ ಅಲ್ಲಿಯ ಕ್ಯಾನ್ಸರಿನ ಪರೀಕ್ಷೆಯೂ, ಎದೆಯ ಅಂಗಾಂಶವಿರುವವರೆಗೆ ಅದರ ಪರೀಕ್ಷೆಯೂ, ಗಡ್ಡ ಬಂದವನಿಗೂ ಬೇಕು. ಗಡ್ಡ ಬಂದವನು ಸ್ತ್ರೀರೋಗ ವಿಭಾಗದ ಸಾಲಿನಲ್ಲಿ ನಿಂತರೆ ಸಾಲೆಲ್ಲ ತಿರುಗಿ ನೋಡುತ್ತದೆ. ಹೆಸರು ಕೂಗುವವನು ನಗುತ್ತಾನೆ. ಒಮ್ಮೆ ನಗೆಗೀಡಾದವನು ಎರಡನೆಯ ಸಲ ಬರುವುದಿಲ್ಲ. ಬಾರದವನಿಗೆ ರೋಗವು ಕಾಯುವುದಿಲ್ಲ.

ವೈದ್ಯವು ದೂರವಿದ್ದರೆ ಏನಾಗುವುದೆಂಬುದನ್ನು ಉತ್ತರ ಕನ್ನಡದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 2022ರ ಜುಲೈಯಲ್ಲಿ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸು ಶಿರೂರಿನ ಟೋಲ್ ಗೇಟಿನಲ್ಲಿ ಉರುಳಿ ಪ್ರಾಣಹಾನಿಯಾದಾಗ, ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಜಿಲ್ಲೆಗೆ ಜಿಲ್ಲೆಯೇ ಕೂಗೆಬ್ಬಿಸಿತು. ಆ ರೋಗಿಗೆ ದೂರವಾದದ್ದು ಆಸ್ಪತ್ರೆಯೊಂದೇ. ಈ ಮಕ್ಕಳಿಗಾದರೋ ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರು; ಮನೆಯ ನಡುಕೋಣೆಯಿಂದ ಜಗುಲಿಗೆ ಅದಕ್ಕಿಂತಲೂ ದೂರ. ಮೊದಲನೆಯ ದೂರಕ್ಕೆ ಸರಕಾರವನ್ನು ಬೈಯಬಹುದು. ಎರಡನೆಯದಕ್ಕೆ ಬೈಯಿಸಿಕೊಳ್ಳಬೇಕಾದವರು ಯಾರು?

ಮೂರನೆಯ ಆಕ್ಷೇಪವೊಂದುಂಟು, ಅದು ಮಾತ್ರ ಗೌರವಕ್ಕೆ ತಕ್ಕದ್ದು. ಎಳೆಯ ಮನಸ್ಸು ಚಂಚಲ, ಇಂದು ಹೇಳಿದ್ದನ್ನು ನಾಳೆ ಹೇಳದಿದ್ದೀತು, ಮರಳಿ ಸರಿಪಡಿಸಲಾಗದ್ದನ್ನು ಅವಸರದಲ್ಲಿ ಮಾಡಬಾರದೆಂದು ಹೆತ್ತವರು ಅಂಜುತ್ತಾರೆ. ಈ ಅಂಜಿಕೆ ಪ್ರೀತಿಯಿಂದ ಹುಟ್ಟಿದ್ದು. ಆದರೆ ಅವಸರ ಬೇಡವೆಂಬುದಕ್ಕೂ ಮಾತೇ ಬೇಡವೆಂಬುದಕ್ಕೂ ಅಜಗಜಾಂತರ. ಕೂದಲು ಕತ್ತರಿಸಿದರೆ ಮತ್ತೆ ಬೆಳೆದೀತು, ಅಂಗಿ ತೊಟ್ಟರೆ ಬಿಚ್ಚಬಹುದು, ಹೆಸರು ಹಿಡಿದು ಕರೆದರೆ ಬಾಯಿ ಸವೆಯದು. ಉಳಿದದ್ದನ್ನು ಪ್ರಾಯ ಬಂದ ಮೇಲೆ, ಬಲ್ಲ ವೈದ್ಯರೊಡನೆ ಕುಳಿತು, ನಿಧಾನವಾಗಿ ವಿಚಾರಿಸಲಿ. ಮರಳಿ ಸರಿಪಡಿಸಲಾಗದ ಕೃತ್ಯಕ್ಕೆ ಅಂಜುವವರು ಬಲವಂತದ ಮದುವೆಗೆ ಅಂಜದಿರುವುದೇ ಸೋಜಿಗ. ಬದುಕೇ ಬೇಡವೆಂದು ಮಗು ತೀರ್ಮಾನಿಸಿದರೆ ಅದನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆ ಯಾವ ಊರಿನಲ್ಲಿದೆ?

ಕಾಯದೆಯು ತನ್ನ ಪಾಲಿನ ಮಾತನ್ನು ಆಡಿದೆ. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು, ತಾನು ಯಾರೆಂಬುದನ್ನು ಮನುಷ್ಯನು ತಾನೇ ಹೇಳಿಕೊಳ್ಳಬಹುದೆಂದೂ, ಅದಕ್ಕಾಗಿ ಶಸ್ತ್ರಚಿಕಿತ್ಸೆಯನ್ನು ಒತ್ತಾಯಿಸುವುದು ಅನೀತಿಯೆಂದೂ ತೀರ್ಪಿತ್ತಿತು. 2019ರಲ್ಲಿ ಸಂಸತ್ತು ಪ್ರತ್ಯೇಕ ಶಾಸನವನ್ನು ಮಾಡಿತು. 2021ರಲ್ಲಿ ಕರ್ನಾಟಕ ಸರಕಾರವು ನೌಕರಿಯಲ್ಲಿ ನೂರಕ್ಕೆ ಒಂದು ಸ್ಥಾನವನ್ನು ಲಿಂಗತ್ವ ಅಲ್ಪಸಂಖ್ಯಾತರಿಗೆ ಮೀಸಲಿಟ್ಟಿತು. ಆದರೆ ನ್ಯಾಯಾಲಯದ ತೀರ್ಪು ಅಡುಗೆಮನೆಯ ಹೊಸ್ತಿಲನ್ನು ತಾನಾಗಿ ದಾಟಲಾರದು. ದಾಟಿಸಬೇಕಾದವರು ಓದುಬರಹ ಬಲ್ಲ ಮನೆಯವರೇ.

ಅವರು ಮಾಡಬೇಕಾದದ್ದು ಬೆಟ್ಟದಷ್ಟು ದೊಡ್ಡದೇನಲ್ಲ. ತಂದೆತಾಯಿಗಳು ಮಗುವಿನ ಮಾತನ್ನು ಪೂರ್ತಿ ಕೇಳಲಿ, ಜಾತಕವನ್ನು ಕಪಾಟಿನಲ್ಲಿಡಲಿ, ಆಸ್ಪತ್ರೆಗೆ ಹೋಗುವಾಗ ಜೊತೆಗೆ ಹೋಗಲಿ. ಮೂರು ತಾಲೂಕುಗಳ ವೈದ್ಯರು, ಬಂದವನ ಹೆಸರನ್ನು ಅವನು ಹೇಳಿದಂತೆ ಬರೆದುಕೊಂಡು, ಕದ ಮುಚ್ಚಿ ಪರೀಕ್ಷಿಸಿ, ತಿಳಿಯದ್ದನ್ನು ತಿಳಿದವರಲ್ಲಿಗೆ ಚೀಟಿ ಕೊಟ್ಟು ಕಳಿಸಲಿ. ದೊಡ್ಡ ಆಸ್ಪತ್ರೆಗಾಗಿ ಮೆರವಣಿಗೆ ತೆಗೆದ ಸಂಘಸಂಸ್ಥೆಗಳು ತಮ್ಮ ಬೇಡಿಕೆಯ ಪಟ್ಟಿಯಲ್ಲಿ, ಹಾರ್ಮೋನು ತಜ್ಞನೊಬ್ಬನೂ ಆಪ್ತಸಲಹೆಗಾರನೊಬ್ಬನೂ ಬೇಕೆಂಬ ಒಂದು ಸಾಲನ್ನು ಸೇರಿಸಲಿ.

ಆಟ ಮುಗಿದ ಮೇಲೆ ವೇಷಧಾರಿಯು ಚೌಕಿಗೆ ಹೋಗಿ ಎಣ್ಣೆ ಹಚ್ಚಿ ಬಣ್ಣ ಒರಸಿಕೊಳ್ಳುತ್ತಾನೆ. ಸೀರೆ ಬಿಚ್ಚಿ ತನ್ನ ಪಂಚೆಯುಟ್ಟು ಮನೆಗೆ ನಡೆಯುತ್ತಾನೆ. ಹಗಲಿರುಳೂ ಒಲ್ಲದ ವೇಷದಲ್ಲಿ ನಿಂತಿರುವ ಈ ಮಕ್ಕಳಿಗೆ ಚೌಕಿಯೆಂಬುದೇ ಇಲ್ಲ. ಹೆತ್ತವರ ಮನೆಯೇ ಅವರ ಚೌಕಿಯಾಗಲಿ.