ನಮಗ್ಯಾಕೆ ಬೇಕು ‘ಪ್ರೊ’?

ಬಿ.ಇ.ಗೆ ಸೇರಿದ ವರ್ಷ ಅಪ್ಪ ಶೇಂಗಾ ಮಾರಿದ ದುಡ್ಡಿನಲ್ಲಿ ನನಗೊಂದು ಹೊಸ ಲ್ಯಾಪ್‌ಟಾಪ್ ಕೊಡಿಸಿದರು. ಡಬ್ಬಿ ಬಿಚ್ಚಿ ಆನ್ ಮಾಡಿದ ಅಂಗಡಿಯಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ತಮ್ಮಾ, ಇದರಾಗ ವಿಂಡೋಸ್ ಹೋಮ್ ಐತಿ. ಮನ್ಯಾಗ ಸಿನಿಮಾ ನೋಡೋರಿಗೆ ಅದು. ನೀ ಇಂಜಿನಿಯರಿಂಗ್ ಹುಡುಗ, ಪ್ರೊ ಹಾಕಿಕೊಡ್ತೀನಿ, ಐನೂರು ಕೊಡು ಸಾಕು’ ಎಂದ. ಅಪ್ಪ, ‘ಓದಾಕ ಬೇಕಂದ್ರ ಹಾಕಿಸ್ಕೊ’ ಎಂದು ಜೇಬಿಗೆ ಕೈ ಹಾಕಿದರು. ನಾನೂ ತಲೆಯಾಡಿಸಿದೆ. ‘ಪ್ರೊ’ ಅನ್ನುವ ಶಬ್ದದಲ್ಲೇ ಒಂದು ಗತ್ತು ಇತ್ತಲ್ಲ!

ಏಳೆಂಟು ತಿಂಗಳು ಕಳೆದ ಮೇಲೆ ಪರದೆಯ ಮೂಲೆಯಲ್ಲಿ ‘ವಿಂಡೋಸ್ ಆ್ಯಕ್ಟಿವೇಟ್ ಮಾಡಿ’ ಎಂಬ ಮಸುಕು ಅಕ್ಷರ ಕಾಣಿಸಿತು. ಅಷ್ಟರಲ್ಲಿ ಯಾರದೋ ಪೆನ್‌ಡ್ರೈವ್‌ನಿಂದ ಬಂದ ವೈರಸ್ಸು ನನ್ನ ಫೋಲ್ಡರುಗಳನ್ನೆಲ್ಲ ಶಾರ್ಟ್‌ಕಟ್ ಮಾಡಿಟ್ಟಿತ್ತು. ಮಿನಿ ಪ್ರಾಜೆಕ್ಟಿನ ವರದಿ ಸಲ್ಲಿಸಲು ಎರಡೇ ದಿನ ಉಳಿದಿತ್ತು. ನಮ್ಮ ಲ್ಯಾಬಿನ ಸರ್ ಲ್ಯಾಪ್‌ಟಾಪ್ ತೆರೆದು ನೋಡಿದವರೇ, ‘ಡಿಫೆಂಡರ್ ಬಂದ್ ಮಾಡಿದ್ದು ಯಾರು?’ ಎಂದು ಕೇಳಿದರು. ನಾನಲ್ಲ. ಕಳ್ಳ ಪ್ರೊ ಹಾಕುವ ಸಾಫ್ಟ್‌ವೇರ್ ಓಡಬೇಕಾದರೆ ಮೊದಲು ವಿಂಡೋಸ್‌ನ ಕಾವಲುಗಾರನನ್ನೇ ಮಲಗಿಸಬೇಕು. ಅಂಗಡಿಯವನು ಮಲಗಿಸಿದ್ದ, ಎಬ್ಬಿಸಲಿಲ್ಲ.

ಸರ್ ಅವತ್ತು ಹೇಳಿದ ಸಂಗತಿಗಳು ನಮ್ಮ ಯಾವ ಸಿಲಬಸ್ಸಿನಲ್ಲೂ ಇಲ್ಲ. ಕೆಎಂಎಸ್ ಎಂಬುದು ದೊಡ್ಡ ಸಂಸ್ಥೆಗಳಿಗೆ ಮೈಕ್ರೋಸಾಫ್ಟ್ ಕೊಟ್ಟಿರುವ ವ್ಯವಸ್ಥೆ. ಸಂಸ್ಥೆಯೊಳಗಿನ ಒಂದು ಸರ್ವರ್ ಉಳಿದ ಕಂಪ್ಯೂಟರುಗಳಿಗೆ ಪರವಾನಗಿ ಕೊಡುತ್ತದೆ, ಅದರ ಆಯುಷ್ಯ 180 ದಿನ, ಅಷ್ಟರೊಳಗೆ ಮತ್ತೆ ಸರ್ವರನ್ನು ಮಾತಾಡಿಸಿ ನವೀಕರಿಸಿಕೊಳ್ಳಬೇಕು. ಅಂಗಡಿಯ ಉಪಾಯ ಅಂಥದ್ದೊಂದು ಸುಳ್ಳು ಸರ್ವರನ್ನು ತೋರಿಸಿ ವಿಂಡೋಸ್ ಅನ್ನು ನಂಬಿಸಿತ್ತು. ಅದಕ್ಕಿಂತ ಹೊಟ್ಟೆ ಉರಿದದ್ದು ಇನ್ನೊಂದು ಮಾತಿಗೆ. ಹೊಸ ಲ್ಯಾಪ್‌ಟಾಪಿನ ಜೊತೆ ಬಂದ ಹೋಮ್‌ನ ಕೀ ಮದರ್‌ಬೋರ್ಡಿನ ಚಿಪ್ಪಿನಲ್ಲೇ ಬರೆದಿರುತ್ತದೆ. ಅಪ್ಪ ಕೊಟ್ಟ ಬೆಲೆಯಲ್ಲಿ ಅದರ ದುಡ್ಡೂ ಸೇರಿತ್ತು. ಅಂದರೆ ನಾವು ಕೊಂಡಿದ್ದ ಅಸಲಿಯನ್ನು ತೆಗೆಸಿ, ಮೇಲೆ ಐನೂರು ಕೊಟ್ಟು ನಕಲಿ ಹಾಕಿಸಿಕೊಂಡಿದ್ದೆವು. ಸರ್ ಮತ್ತೆ ಹೋಮ್ ಹಾಕಿ ಇಂಟರ್‌ನೆಟ್ಟಿಗೆ ಜೋಡಿಸಿದರು. ಯಾವ ಕೀಯನ್ನೂ ಕೇಳದೆ ತಾನೇ ಆ್ಯಕ್ಟಿವೇಟ್ ಆಯಿತು.

ನಿಮ್ಮದನ್ನೂ ಒಮ್ಮೆ ನೋಡಿಕೊಳ್ಳಿ. ಸೆಟ್ಟಿಂಗ್ಸ್, ಅದರಲ್ಲಿ ಸಿಸ್ಟಂ, ಅದರೊಳಗೆ ಆ್ಯಕ್ಟಿವೇಷನ್. ಸ್ವಂತ ಲ್ಯಾಪ್‌ಟಾಪಿನಲ್ಲಿ ‘ನಿಮ್ಮ ಸಂಸ್ಥೆಯ ಆ್ಯಕ್ಟಿವೇಷನ್ ಸೇವೆ ಬಳಸಿ’ ಎಂಬರ್ಥದ ಇಂಗ್ಲಿಷ್ ಸಾಲು ಕಂಡರೆ ಅನುಮಾನ ಪಡಿ. ಕೊಪ್ಪಳದಲ್ಲಿ ರೂಮು ಮಾಡಿಕೊಂಡು ಓದುವ ನಮಗೆ ಯಾವ ಸಂಸ್ಥೆ?

ಹಾಗಾದರೆ ಪ್ರೊದಲ್ಲಿ ಏನಿದೆ? ಬೇರೆ ಕಡೆಯಿಂದ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಆ ಕಂಪ್ಯೂಟರನ್ನು ತೆರೆಯಬಹುದು, ಕಚೇರಿಯ ಡೊಮೈನ್‌ಗೆ ಸೇರಿಸಬಹುದು, ಗ್ರೂಪ್ ಪಾಲಿಸಿಯಿಂದ ಹತ್ತಾರು ಕಂಪ್ಯೂಟರುಗಳಿಗೆ ಒಂದೇ ನಿಯಮ ಹಾಕಬಹುದು, ಬಿಟ್‌ಲಾಕರ್‌ನ ಪೂರ್ಣ ಹಿಡಿತ, ಹೈಪರ್-ವಿ, ಸ್ಯಾಂಡ್‌ಬಾಕ್ಸ್ ಸಿಗುತ್ತವೆ. ಹೋಮ್ 128 ಜಿಬಿ ರ್‍ಯಾಮ್ ತನಕ ತಾಳಿಕೊಂಡರೆ ಪ್ರೊ 2 ಟಿಬಿ ತನಕ ತಾಳುತ್ತದೆ. ನನ್ನದರಲ್ಲಿರುವುದು 8 ಜಿಬಿ! ವೇಗ ಮಾತ್ರ ಎರಡರಲ್ಲೂ ಒಂದೇ. ಸಿ, ಪೈಥಾನ್, ಆಟೊಕ್ಯಾಡ್, ಮ್ಯಾಟ್‌ಲ್ಯಾಬ್ ಹೋಮ್‌ನಲ್ಲಿ ಓಡುವಂತೆಯೇ ಪ್ರೊದಲ್ಲೂ ಓಡುತ್ತವೆ. ‘ಡಾಕರ್‌ಗೆ ಪ್ರೊನೇ ಬೇಕು’ ಎಂಬ ಮಾತು ಹಾಸ್ಟೆಲುಗಳಲ್ಲಿ ಇನ್ನೂ ಓಡಾಡುತ್ತಿದೆ. 2020ರಲ್ಲಿ ಡಬ್ಲ್ಯುಎಸ್‌ಎಲ್‌ನ ಎರಡನೇ ಆವೃತ್ತಿ ಹೋಮ್‌ಗೂ ಬಂದ ಮೇಲೆ ಆ ಮಾತು ಹಳೆಯದಾಯಿತು.

ಪ್ರೊ ಬೇಕಾದವರೂ ನಮ್ಮ ಜಿಲ್ಲೆಯಲ್ಲಿದ್ದಾರೆ. ಗಂಗಾವತಿಯ ಅಕ್ಕಿ ಗಿರಣಿಯ ಮಾಲೀಕರು ಊರಿಗೆ ಹೋದಾಗ ಗಿರಣಿಯ ಲೆಕ್ಕದ ಕಂಪ್ಯೂಟರನ್ನು ಮನೆಯಿಂದಲೇ ರಿಮೋಟ್ ಡೆಸ್ಕ್‌ಟಾಪಿನಲ್ಲಿ ತೆರೆಯಬೇಕೆಂದರೆ ಗಿರಣಿಯದು ಪ್ರೊ ಇರಬೇಕು. ಅವರ ಕೈಯಲ್ಲಿರುವ ಲ್ಯಾಪ್‌ಟಾಪ್ ಹೋಮ್ ಆದರೂ ನಡೆಯುತ್ತದೆ. ಅವರು ದುಡ್ಡು ಕೊಟ್ಟು ಕೊಳ್ಳಲಿ, ವ್ಯಾಪಾರಕ್ಕೆ ಅದು ಹೂಡಿಕೆ. ವಿದ್ಯಾರ್ಥಿಗೆ ಅದೇ ಮಾತು ಹೊಂದುವುದಿಲ್ಲ. ಅಮೆರಿಕದಲ್ಲಿ ಹೋಮ್‌ನಿಂದ ಪ್ರೊಗೆ ಏರಲು ಮೈಕ್ರೋಸಾಫ್ಟ್ ಕೇಳುವುದು 99 ಡಾಲರ್. ಇಲ್ಲಿಯೂ ಸಾವಿರಗಳ ಲೆಕ್ಕವೇ. ಅಷ್ಟು ಹಣದ ಜಾಗದಲ್ಲಿ ಐನೂರಕ್ಕೆ ಸಿಗುತ್ತದೆ ಅಂದಾಗಲೇ ನಮಗೆ ಅನುಮಾನ ಬರಬೇಕಿತ್ತು.

ಕೆಲಸ ಹುಡುಕುತ್ತಿರುವ ಯಲಬುರ್ಗಾದ ಗೆಳೆಯನೊಬ್ಬ ನನ್ನ ಜೊತೆ ಜಗಳಕ್ಕೇ ಬಂದ. ಅವನಿಗೆ ಸಿಸ್ಟಂ ಅಡ್ಮಿನ್ ಆಗುವ ಆಸೆ. ‘ಆ್ಯಕ್ಟಿವ್ ಡೈರೆಕ್ಟರಿ ಕಲೀಬೇಕಂದ್ರ ಪ್ರೊ ಇಲ್ದ ಹೆಂಗಲೇ?’ ಅಂದ. ಪ್ರಶ್ನೆ ಸರಿಯಾದದ್ದೇ. ಆದರೆ ದಾರಿ ಇದೆ. ವಿಂಡೋಸ್ ಸರ್ವರ್ ಅನ್ನು 180 ದಿನ, ವಿಂಡೋಸ್ 11 ಎಂಟರ್‌ಪ್ರೈಸ್ ಅನ್ನು 90 ದಿನ ಪರೀಕ್ಷಾರ್ಥವಾಗಿ ಬಳಸಲು ಮೈಕ್ರೋಸಾಫ್ಟೇ ಉಚಿತವಾಗಿ ಕೊಡುತ್ತದೆ. ಹೋಮ್ ಮೇಲೆ ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ ಇವೆರಡನ್ನೂ ಇಟ್ಟುಕೊಂಡು ಡೊಮೈನ್ ಕಟ್ಟುವುದು, ಬಳಕೆದಾರರನ್ನು ಸೇರಿಸುವುದು, ಪಾಲಿಸಿ ಹಾಕುವುದು ಎಲ್ಲ ಕಲಿಯಬಹುದು. ಕೆಟ್ಟರೆ ಅಳಿಸಿ ಮತ್ತೆ ಹಾಕಿದರಾಯಿತು, ನಮ್ಮ ಲ್ಯಾಪ್‌ಟಾಪಿಗೆ ಏನೂ ಆಗದು. ಅದಕ್ಕೆ ಬೇಕಾಗಿರುವುದು ರ್‍ಯಾಮ್. 8 ಜಿಬಿಯನ್ನು 16 ಮಾಡಿಸುವುದಕ್ಕೆ ದುಡ್ಡು ಹಾಕು ಅಂದೆ. ಹಾಕಿಸಿದ್ದಾನೆ, ಈಗ ನನಗೇ ಪಾಠ ಹೇಳುತ್ತಾನೆ. ಕೆಲವು ಕಾಲೇಜುಗಳು ಮೈಕ್ರೋಸಾಫ್ಟ್ ಜೊತೆ ಒಪ್ಪಂದ ಮಾಡಿಕೊಂಡಿದ್ದು, ಅಲ್ಲಿನ ವಿದ್ಯಾರ್ಥಿಗಳಿಗೆ ಎಜುಕೇಶನ್ ಆವೃತ್ತಿ ಸಿಗುತ್ತದೆ. ನಿಮ್ಮ ವಿಭಾಗದಲ್ಲಿ ಒಮ್ಮೆ ಕೇಳಿ ನೋಡಿ. ವಿಂಡೋಸೇ ಬೇಡ ಎನ್ನುವವರಿಗೆ ಉಬುಂಟು ಪುಕ್ಕಟೆ ಇದ್ದೇ ಇದೆ.

ಹೋಮ್ ಇಟ್ಟುಕೊಂಡವರಿಗೂ ಒಂದು ಎಚ್ಚರಿಕೆ ಇದೆ. ಕುಷ್ಟಗಿಯ ನನ್ನ ಸಹಪಾಠಿಯೊಬ್ಬಳ ಹೊಸ ಲ್ಯಾಪ್‌ಟಾಪ್ ರಿಪೇರಿಗೆ ಹೋಗಿ ಬಂದ ದಿನ ನೀಲಿ ಪರದೆ ತೋರಿಸಿ 48 ಅಂಕಿಯ ರಿಕವರಿ ಕೀ ಕೇಳಿತು. ಹೋಮ್‌ನಲ್ಲೂ ‘ಡಿವೈಸ್ ಎನ್‌ಕ್ರಿಪ್ಷನ್’ ಎಂಬ ಬೀಗ ಇದೆ. ಈಚಿನ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಅದು ತಾನಾಗಿಯೇ ಬೀಳುತ್ತದೆ, ಅದರ ಕೀ ಆ ಖಾತೆಗೆ ಹೋಗುತ್ತದೆ. ಅವಳದನ್ನು ಕೊಂಡ ದಿನ ಅಂಗಡಿಯವರು ಯಾವುದೋ ತಮ್ಮ ಇಮೇಲ್ ಹಾಕಿ ‘ಸೆಟ್’ ಮಾಡಿಕೊಟ್ಟಿದ್ದರು. ಯಾವ ಇಮೇಲ್ ಎಂದು ಈಗ ಅವರಿಗೇ ನೆನಪಿಲ್ಲ. ಎರಡು ಸೆಮಿಸ್ಟರಿನ ನೋಟ್ಸು, ತೀರಿಕೊಂಡ ಅಜ್ಜಿಯ ಫೋಟೊಗಳು ಎಲ್ಲ ಆ ಬೀಗದೊಳಗೇ ಉಳಿದವು. ಅವಳು ಅತ್ತದ್ದು ನೋಟ್ಸಿಗಲ್ಲ.

ಬೀಗ ಕೆಟ್ಟದ್ದಲ್ಲ, ಕಳ್ಳರ ಪಾಲಾದ ಲ್ಯಾಪ್‌ಟಾಪಿನಲ್ಲಿ ನಮ್ಮ ಗುಟ್ಟು ಕಾಯುವುದು ಅದೇ. ಕೊಂಡ ದಿನವೇ ನಮ್ಮದೇ ಇಮೇಲ್‌ನಿಂದ ಖಾತೆ ತೆರೆದು, ಆ 48 ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು ಅಂಕಪಟ್ಟಿಗಳ ಜೊತೆ ಇಟ್ಟರೆ ಸಾಕು.

ಕಳೆದ ತಿಂಗಳು ಚಿಕ್ಕಪ್ಪನ ಮಗನಿಗೆ ಲ್ಯಾಪ್‌ಟಾಪ್ ಕೊಡಿಸಲು ಅದೇ ಅಂಗಡಿಗೆ ಹೋಗಿದ್ದೆವು. ಅಂಗಡಿಯಣ್ಣನಿಗೆ ನನ್ನ ಗುರುತು ಹತ್ತಲಿಲ್ಲ. ‘ತಮ್ಮಾ, ಪ್ರೊ ಹಾಕ್ಲೇನು?’ ಎಂದ. ನಾನು ಬಾಯಿ ತೆರೆಯುವ ಮೊದಲೇ ಹುಡುಗ ಹೇಳಿದ: ‘ಬ್ಯಾಡ್ರಿ ಅಣ್ಣಾ, ಬಂದಿದ್ದು ಹಂಗ ಇರಲಿ. ಆ ಐನೂರಕ್ಕ ಒಂದು ಚಲೋ ಮೌಸ್ ಕೊಡ್ರಿ.’