ಯೆಜ್ಡಿಯ ನೆನಪು ಯಾರ ಬಂಡವಾಳ?

2018ರ ನವೆಂಬರ್ 15ರಂದು ಮುಂಬೈಯಲ್ಲಿ ಹೊಸ ಜಾವಾ ಬೈಕುಗಳ ಮೇಲಿನ ಪರದೆ ಸರಿದಾಗ ನಾನು ಮೈಸೂರಿನ ನಮ್ಮ ಮನೆಯ ಜಗಲಿಯಲ್ಲಿ ಮೊಬೈಲು ಹಿಡಿದು ಕೂತಿದ್ದೆ. ಕಣ್ಣು ತುಂಬಿ ಬಂದದ್ದು ನಿಜ. ಮುಂದೆ ಒಂದು ದಿನ ಶೋರೂಮಿಗೂ ಹೋದೆ. ಮರೂನ್ ಟ್ಯಾಂಕಿನ ಮೇಲೆ ಕೈಯಾಡಿಸಿದೆ, ಕೂತು ನೋಡಿದೆ, ಎರಡು ಸೈಲೆನ್ಸರುಗಳನ್ನು ಬಗ್ಗಿ ನೋಡಿದೆ. ‘ಬುಕ್ ಮಾಡ್ಲಾ ಸಾರ್?’ ಎಂದ ಅಲ್ಲಿನ ಹುಡುಗ. ‘ಮನೇಲಿ ನಮ್ಮಪ್ಪಂದೇ ಒಂದು ಇದೆಯಪ್ಪ’ ಎಂದು ಹೇಳಿ ಹೊರಗೆ ಬಂದೆ.

ಹಳೆಯ ಬೈಕಿನ ಹೆಸರುಗಳನ್ನು ಮತ್ತೆ ಬದುಕಿಸಲು ಹೊರಟವರಿಗೆ ಯಾಕೆ ಇಷ್ಟು ಹಣದ ಕಷ್ಟ ಎಂದು ಯಾರಾದರೂ ಕೇಳಿದರೆ ನಾನು ಈ ಎರಡು ಸಾಲಿನ ಸಂಭಾಷಣೆಯನ್ನೇ ಹೇಳುತ್ತೇನೆ. ನೆನಪಿರುವವನು ಕೊಳ್ಳುವುದಿಲ್ಲ. ಅವನ ಹತ್ತಿರ ಆಗಲೇ ಒಂದು ಗಾಡಿ ಇರುತ್ತದೆ, ಇಲ್ಲವೇ ಮಂಡಿನೋವು ಇರುತ್ತದೆ. ಕೊಳ್ಳುವವನು ಇಪ್ಪತ್ತೈದರ ಹುಡುಗ, ಅವನಿಗೆ ನೆನಪಿಲ್ಲ. ಇಎಂಐ ಎಷ್ಟು, ಸರ್ವೀಸ್ ಸೆಂಟರು ಎಷ್ಟು ದೂರ, ಮೂರು ವರ್ಷ ಓಡಿಸಿ ಮಾರಿದರೆ ಕೈಗೆಷ್ಟು ಬರುತ್ತದೆ ಎಂದು ಅವನು ಕೇಳುತ್ತಾನೆ. ಸರಿಯಾಗಿಯೇ ಕೇಳುತ್ತಾನೆ. ನಾವು ಬರೆಯುವ ಜನ ಮಾತ್ರ ಇಂಥ ಹೆಸರೊಂದು ಬಂದಾಗಲೆಲ್ಲ ‘ದಂತಕಥೆ ಮರಳಿತು’ ಎಂದು ಪುಟ ತುಂಬಿಸುತ್ತೇವೆ. ಮಾರಾಟ ಕುಂಟಿದರೆ ‘ಈ ಕಾಲದವರಿಗೆ ಭಾವನೆಯೇ ಇಲ್ಲ’ ಎಂದು ಕೊರಗುತ್ತೇವೆ. ನನ್ನ ಜಗಳ ಈ ಎರಡೂ ಮಾತಿನ ಜೊತೆ. ಮೊದಲನೆಯದನ್ನು ನಾನೂ ಆಡಿದವನೇ.

ಜಾವಾ ಎಂಬ ಹೆಸರು ಹುಟ್ಟಿದ್ದು 1929ರಲ್ಲಿ, ಪ್ರಾಗ್‌ನಲ್ಲಿ. ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವ್ಯವಹಾರವನ್ನು ಕೊಂಡು, ತನ್ನ ಹೆಸರಿನ ಮೊದಲ ಅಕ್ಷರವನ್ನು ಅದರ ಹೆಸರಿನ ಮೊದಲ ಅಕ್ಷರಕ್ಕೆ ಗಂಟುಹಾಕಿದ. ಅವನು ಕೊಂಡದ್ದು ಬರೀ ಹೆಸರಲ್ಲ, ಗಾಡಿ ಮಾಡುವ ಕಸುಬನ್ನೂ ಕೊಂಡಿದ್ದ ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಮೈಸೂರಿಗೆ ಅದನ್ನು ತಂದವರು ರುಸ್ತುಂ ಇರಾನಿ, ಫಾರೂಖ್ ಇರಾನಿ. ಅವರ ಐಡಿಯಲ್ ಜಾವಾ ಕಾರ್ಖಾನೆಯನ್ನು ಯಾದವಗಿರಿಯಲ್ಲಿ 1961ರಲ್ಲಿ ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ಎಪ್ಪತ್ತರ ದಶಕದಲ್ಲಿ ಗಾಡಿಯ ಮೇಲಿನ ಹೆಸರು ಯೆಜ್ಡಿ ಆಯಿತು. ‘ಫಾರೆವರ್ ಬೈಕ್, ಫಾರೆವರ್ ವ್ಯಾಲ್ಯೂ’ ಎಂಬುದು ಅವರ ಘೋಷವಾಕ್ಯ.

ಅಪ್ಪನ ಗಾಡಿ ಆ ಕಾರ್ಖಾನೆಯದು. ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಗೇರು ಹಾಕುವ ಲಿವರನ್ನೇ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತಿತ್ತು. ಈ ಒಂದು ಗುಟ್ಟು ಗೊತ್ತಿಲ್ಲದೆ ಗಾಡಿ ಕದಿಯಲು ಬಂದವರು ಹಾಗೇ ಬಿಟ್ಟುಹೋದ ಕತೆಗಳು ನಮ್ಮ ಬೀದಿಯಲ್ಲಿ ಬೇಕಾದಷ್ಟು ಇದ್ದವು. ಎಷ್ಟು ನಿಜವೋ, ಎಷ್ಟು ಹೆಮ್ಮೆಯೋ. ಪೆಟ್ರೋಲ್ ಬಂಕಿನಲ್ಲಿ ಅಪ್ಪ ಆಯಿಲ್ ಅಳತೆಯ ಮೇಲೆ ಕಣ್ಣಿಟ್ಟು ನಿಲ್ಲುತ್ತಿದ್ದರು. ಹೊಗೆ ಬರುತ್ತಿತ್ತು. ಮನೆ ತಿರುವಿನಲ್ಲೇ ಸದ್ದು ಕೇಳಿ ಅಮ್ಮ ಕಾಫಿಗೆ ಇಡುತ್ತಿದ್ದರು.

ಆ ಹೊಗೆ, ಆ ಆಯಿಲ್, ಆ ಪೆಟ್ರೋಲಿನ ಖರ್ಚೇ ಗಾಡಿಗೆ ಮುಳುವಾಯಿತು. 1985ರಲ್ಲಿ ಹೀರೋ ಹೋಂಡಾದ ನೂರು ಸಿಸಿ ಬೈಕು ಬಂತು. ಅದರ ನಾಲ್ಕು ಸ್ಟ್ರೋಕಿನ ಎಂಜಿನ್ನು ಸದ್ದಿಲ್ಲದೆ, ಕಡಿಮೆ ಕುಡಿದು ಓಡುತ್ತಿತ್ತು. ಸಂಬಳದ ಮನುಷ್ಯ ಲೆಕ್ಕ ಹಾಕಿದ. ನಮ್ಮ ಬೀದಿಯ ಯೆಜ್ಡಿಗಳು ಒಂದೊಂದಾಗಿ ಗುಜರಿಗೆ ಹೋದವು. 1996ರಲ್ಲಿ ಯಾದವಗಿರಿಯ ಬಾಗಿಲು ಮುಚ್ಚಿತು. ಯೆಜ್ಡಿಯನ್ನು ಕೊಂದವರು ಜಪಾನಿನವರಲ್ಲ, ನಾವೇ. ಇವತ್ತು ಅದಕ್ಕಾಗಿ ಅತ್ತು ಬರೆಯುವ ಮನೆಗಳಲ್ಲಿ ಆಗ ಸ್ಪ್ಲೆಂಡರ್ ನಿಂತಿತ್ತು.

1996ರಿಂದ 2018ರವರೆಗಿನ ಇಪ್ಪತ್ತೆರಡು ವರ್ಷ ಆ ಹೆಸರು ಎಲ್ಲಿತ್ತು? ಜಾಹೀರಾತಿನಲ್ಲಿ ಇರಲಿಲ್ಲ. ಮಂಡಿ ಮೊಹಲ್ಲಾದಂಥ ಕಡೆಯ ಗ್ಯಾರೇಜುಗಳಲ್ಲಿ ಇತ್ತು. ಅಪ್ಪನ ಗಾಡಿ ನೋಡಿಕೊಳ್ಳುವ ಮೆಕ್ಯಾನಿಕ್ಕು ಸಿಗದ ಬಿಡಿಭಾಗವನ್ನು ಲೇತಿನವನ ಹತ್ತಿರ ಕಡೆಸಿ ಹಾಕುತ್ತಿದ್ದರು. ಗುಜರಿಯಿಂದ ಕ್ರ್ಯಾಂಕು ತಂದು ಎಣ್ಣೆ ಸವರಿ, ಬಟ್ಟೆ ಸುತ್ತಿ ಅಟ್ಟದಲ್ಲಿ ಇಡುತ್ತಿದ್ದರು, ಯಾವತ್ತೋ ಯಾರಿಗೋ ಬೇಕಾಗುತ್ತದೆಂದು. ಬೆಂಗಳೂರು, ಮೈಸೂರಿನ ಕ್ಲಬ್ಬುಗಳವರು ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನವೆಂದು ಸೇರುತ್ತಾರೆ. ಅದು ಯಾವ ಕಂಪನಿಯೂ ಕಟ್ಟಿದ ಹಬ್ಬವಲ್ಲ. ಮಾರುಕಟ್ಟೆಯ ಭಾಷೆಯಲ್ಲಿ ‘ಬ್ರ್ಯಾಂಡ್ ಮೌಲ್ಯ’ ಎನ್ನುತ್ತಾರಲ್ಲ, ಅದನ್ನು ಇವರು ತಮ್ಮ ಕೈಯಿಂದ ಖರ್ಚು ಮಾಡಿ ಕಾಪಾಡಿದರು.

ಆಮೇಲೆ ಬಂದದ್ದು ಕ್ಲಾಸಿಕ್ ಲೆಜೆಂಡ್ಸ್. ಮಹೀಂದ್ರಾದ ಪಾಲು ನೂರಕ್ಕೆ ಅರವತ್ತು. ಉಳಿದದ್ದು ಅನುಪಮ್ ಥರೇಜಾ ಮತ್ತು ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿ ಅವರ ಕಡೆಯದು. ಜಾವಾ ಹೆಸರು ಜೆಕ್ ಕಂಪನಿಯಿಂದ ಲೈಸೆನ್ಸಿನ ಮೇಲೆ ಪಡೆದದ್ದು. ಬ್ರಿಟನ್ನಿನ ಬಿಎಸ್‌ಎ ಹೆಸರನ್ನು 2016ರಲ್ಲಿ 34 ಲಕ್ಷ ಪೌಂಡಿಗೆ, ಅಂದರೆ ಸುಮಾರು 28 ಕೋಟಿ ರೂಪಾಯಿಗೆ ಕೊಂಡರು. ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಮೋಟಾರ್‌ಸೈಕಲ್ ಕಂಪನಿಗಳಲ್ಲಿ ಒಂದೆನಿಸಿದ್ದರ ಹೆಸರಿನ ಬೆಲೆ ಅಷ್ಟೇ! ಈಗ ಅದರ ಪಕ್ಕ ಇನ್ನೊಂದು ಅಂಕಿ ಇಡಿ. 2023ರಲ್ಲಿ ಈ ಕಂಪನಿಗೆ ಹಾಕುವುದಾಗಿ ಪ್ರಕಟಿಸಿದ ಹೊಸ ಬಂಡವಾಳ 875 ಕೋಟಿ, ಅದರಲ್ಲಿ ಮಹೀಂದ್ರಾದ್ದು 525 ಕೋಟಿ. ಹೆಸರು ಅಗ್ಗ. ಹೆಸರಿನ ಕೆಳಗೆ ಇರಬೇಕಾದದ್ದು ದುಬಾರಿ. ಯಾನೆಚೆಕ್ ಕಸುಬನ್ನೂ ಕೊಂಡಿದ್ದ ಎಂದೆನಲ್ಲ, ಇಲ್ಲಿ ಕೊಳ್ಳಲು ಕಸುಬು ಉಳಿದಿರಲಿಲ್ಲ. ಯಾದವಗಿರಿಯ ಯಂತ್ರಗಳಿಲ್ಲ, ಡೀಲರುಗಳಿಲ್ಲ, ಬಿಡಿಭಾಗ ಮಾಡಿಕೊಡುವ ಸಣ್ಣ ಕಾರ್ಖಾನೆಗಳ ಜಾಲ ಇಲ್ಲ. ಎಲ್ಲವನ್ನೂ ಸೊನ್ನೆಯಿಂದ ಕಟ್ಟಬೇಕು, ಅದೂ ಹಳೆಯದರಂತೆ ಕಾಣುವ ಹಾಗೆ.

ಕಂಪನಿ ಮಾಡಿದ್ದೂ ಅದನ್ನೇ. ಮಧ್ಯಪ್ರದೇಶದ ಪೀಥಂಪುರದ ಮಹೀಂದ್ರಾ ಕಾರ್ಖಾನೆಯಲ್ಲಿ, ಮೋಜೋ ಬೈಕಿನಿಂದ ಬೆಳೆಸಿದ 293 ಸಿಸಿ ಎಂಜಿನ್ನಿನ ಗಾಡಿ. ತಂಪು ಮಾಡಲು ರೇಡಿಯೇಟರ್ ಇದೆ, ಆದರೂ ಹಳೆಯ ಸಿಲಿಂಡರಿನಂತೆ ಕಾಣಲು ಮೈಮೇಲೆ ಪದರಗಳಿವೆ. ದೆಹಲಿ ಶೋರೂಮು ಬೆಲೆ ಜಾವಾಕ್ಕೆ 1.64 ಲಕ್ಷ, ಫಾರ್ಟಿಟೂಗೆ 1.55 ಲಕ್ಷ. ಐದು ಸಾವಿರ ಕಟ್ಟಿ ಬುಕ್ ಮಾಡಲು ಜನ ಮುಗಿಬಿದ್ದರು. ಡಿಸೆಂಬರ್ 25ಕ್ಕೇ ಆನ್‌ಲೈನ್ ಬುಕಿಂಗ್ ನಿಲ್ಲಿಸಬೇಕಾಯಿತು, ಮುಂದಿನ ಸೆಪ್ಟೆಂಬರಿನವರೆಗೆ ಮಾಡುವ ಗಾಡಿಗಳೆಲ್ಲ ಮಾರಿಹೋಗಿದ್ದವು. ಇದನ್ನು ಯಶಸ್ಸು ಎಂದು ಬರೆದವರೇ ಹೆಚ್ಚು. ನನಗೆ ಇದು ಮೊದಲ ಏಟಿನಂತೆ ಕಾಣುತ್ತದೆ. ಇಪ್ಪತ್ತೆರಡು ವರ್ಷ ಕಾದವನು ಇನ್ನೊಂದು ವರ್ಷ ಕಾಯಬಹುದು, ಇಪ್ಪತ್ತೈದರ ಹುಡುಗ ಎದುರಿನ ಶೋರೂಮಿಗೆ ಹೋಗುತ್ತಾನೆ. ಅಷ್ಟರಲ್ಲಿ 2020ರ ಏಪ್ರಿಲ್‌ಗೆ ಬಿಎಸ್ 6 ನಿಯಮ ಬಂತು, ಎಂಜಿನ್ನನ್ನು ಮತ್ತೆ ತಿದ್ದಬೇಕಾಯಿತು. ಅದೇ ಹೊತ್ತಿಗೆ ಲಾಕ್‌ಡೌನ್. ಮಾರಾಟ ಕಡಿಮೆಯಾದರೆ ಡೀಲರು ಬಿಡುತ್ತಾನೆ, ಡೀಲರು ಬಿಟ್ಟರೆ ಸರ್ವೀಸು ದೂರವಾಗುತ್ತದೆ, ಸರ್ವೀಸು ದೂರವಾದರೆ ಮಾರಾಟ ಇನ್ನೂ ಇಳಿಯುತ್ತದೆ. ಹೊಸ ಕಂಪನಿಗಳನ್ನು ತಿನ್ನುವ ಸುಳಿ ಇದು. ಈ ಸುಳಿಗೆ ಹೆಸರು ಹಳೆಯದೋ ಹೊಸದೋ ಗೊತ್ತಾಗುವುದಿಲ್ಲ.

ಎನ್‌ಫೀಲ್ಡ್ ಗೆಲ್ಲಲಿಲ್ಲವೇ ಎಂದು ಕೇಳುತ್ತೀರಿ. ಗೆದ್ದಿತು. 2024-25ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಗಾಡಿ ಮಾರಿತು. ನಿಮ್ಮ ಕಾಲೇಜಿನ ಪಾರ್ಕಿಂಗಿನಲ್ಲಿ ನಿಂತು ಎಣಿಸಿದರೆ ಸಾಕು. ಆದರೆ ಎನ್‌ಫೀಲ್ಡ್ ಸತ್ತು ಎದ್ದದ್ದಲ್ಲ. ಬ್ರಿಟನ್ನಿನಲ್ಲಿ ಸತ್ತಿತು, ಮದ್ರಾಸಿನಲ್ಲಿ 1955ರಿಂದ ಒಂದು ದಿನವೂ ಸಾಯಲಿಲ್ಲ. 2000ದ ಸುಮಾರಿಗೆ ಐಷರ್ ಆಡಳಿತ ಮಂಡಳಿ ಅದನ್ನು ಮುಚ್ಚುವ, ಇಲ್ಲವೇ ಮಾರುವ ಯೋಚನೆಯಲ್ಲಿತ್ತು, ಸಿದ್ಧಾರ್ಥ ಲಾಲ್ ಕಾಲಾವಕಾಶ ಕೇಳಿ ಉಳಿಸಿಕೊಂಡರು. ಎಷ್ಟು ಕುಂಟಿದರೂ ಬುಲೆಟ್ಟಿನ ಮೆಕ್ಯಾನಿಕ್ಕು, ಬುಲೆಟ್ಟಿನ ಬಿಡಿಭಾಗ, ಬುಲೆಟ್ಟಿನ ಡೀಲರು ಇದ್ದರು. ಅದೇ ಅದರ ಪರಂಪರೆ. ಟ್ಯಾಂಕಿನ ಮೇಲಿನ ಅಕ್ಷರವಲ್ಲ.

ನೆನಪಿನಿಂದ ಹಣ ಹುಟ್ಟದಿದ್ದಾಗ ಯಾರದೋ ಹಣ ಬೇಕಾಗುತ್ತದೆ. ನಾರ್ಟನ್ ಕತೆ ನನ್ನನ್ನು ಕಾಡುವುದು ಅದಕ್ಕೇ. 1898ರ ಬರ್ಮಿಂಗ್‌ಹ್ಯಾಮಿನ ಹೆಸರು ಅದು. 2008ರಲ್ಲಿ ಸ್ಟುವರ್ಟ್ ಗಾರ್ನರ್ ಅದನ್ನು ಕೊಂಡು ಮತ್ತೆ ಎಬ್ಬಿಸಿದ. ಡಾನಿಂಗ್‌ಟನ್ ಹಾಲ್ ಎಂಬ ಬಂಗಲೆ, ಮಂತ್ರಿಗಳ ಭೇಟಿ, ಕೈಯಿಂದ ಮಾಡಿದ ಗಾಡಿಗಳೆಂಬ ಹೊಗಳಿಕೆ ಎಲ್ಲ ಇತ್ತು. 2020ರ ಜನವರಿಯಲ್ಲಿ ಕಂಪನಿ ಕುಸಿಯಿತು. ಇನ್ನೂರಕ್ಕೂ ಹೆಚ್ಚು ಸಾಮಾನ್ಯರ ಪಿಂಚಣಿ ದುಡ್ಡನ್ನು ನಿಯಮ ಮೀರಿ ತನ್ನ ಕಂಪನಿಯಲ್ಲೇ ತೊಡಗಿಸಿದ್ದನ್ನು 2022ರಲ್ಲಿ ಗಾರ್ನರ್ ಕೋರ್ಟಿನಲ್ಲಿ ಒಪ್ಪಿಕೊಂಡ. ಜೈಲು ಶಿಕ್ಷೆಯಾಯಿತು, ಅದನ್ನೂ ಅಮಾನತ್ತಿನಲ್ಲಿಟ್ಟರು. ನಮ್ಮ ಪಕ್ಕದ ಹೊಸೂರಿನ ಟಿವಿಎಸ್ 1.6 ಕೋಟಿ ಪೌಂಡು ಕೊಟ್ಟು ನಾರ್ಟನ್ ಕೊಂಡ ಮೇಲೆ, ಹಿಂದಿನವರ ಕಾಲದ ವಿ4 ಬೈಕುಗಳನ್ನು ತಪಾಸಣೆ ಮಾಡಿದರೆ 35 ಸುರಕ್ಷತಾ ದೋಷಗಳು ಸಿಕ್ಕವು. ಗಾಡಿ ಓಡಿಸಬೇಡಿ ಎಂದು ಮಾಲೀಕರಿಗೆ ಹೇಳಬೇಕಾಯಿತು. ‘ದಂತಕಥೆ ಮರಳಿತು’ ಎಂದು ಬರೆದವರು ಅಲ್ಲೂ ಇದ್ದರು.

ಮೈಸೂರಿನಲ್ಲಿ ಅಂಥದ್ದೇನೂ ಆಗಿಲ್ಲ, ಆ ಹೋಲಿಕೆ ತಪ್ಪು. ಇಲ್ಲಿನ ಪ್ರಶ್ನೆ ಬೇರೆ. 2022ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ, ಯೆಜ್ಡಿ ಹೆಸರು ಮುಚ್ಚಿದ ಐಡಿಯಲ್ ಜಾವಾ ಕಂಪನಿಯ ಆಸ್ತಿ ಎಂದಿತು. 2025ರಲ್ಲಿ ವಿಭಾಗೀಯ ಪೀಠ ಅದನ್ನು ಬದಿಗಿಟ್ಟು ಬೊಮನ್ ಇರಾನಿ ಮತ್ತು ಕ್ಲಾಸಿಕ್ ಲೆಜೆಂಡ್ಸ್ ಪರವಾಗಿ ತೀರ್ಪು ಕೊಟ್ಟಿತು. ಕಾನೂನಿನ ಪ್ರಕಾರ ಹೆಸರು ಯಾರದೆಂದು ಹೇಳುವುದು ಕೋರ್ಟಿನ ಕೆಲಸ, ಅದನ್ನು ನಾನು ಒಪ್ಪುತ್ತೇನೆ. ಆದರೆ ಹೆಸರಿಗೆ ಬೆಲೆ ತಂದುಕೊಟ್ಟವರು ಯಾರೆಂದು ಯಾವ ಕೋರ್ಟಿಗೂ ಯಾರೂ ಕೇಳಿಲ್ಲ. ಯಾದವಗಿರಿಯಲ್ಲಿ ಆ ಎಂಜಿನ್ನು ಜೋಡಿಸಿದ ಕೈಗಳಿಗೆ, ಅಟ್ಟದಲ್ಲಿ ಕ್ರ್ಯಾಂಕು ಕಾಪಾಡಿದ ಕೈಗಳಿಗೆ ಈ ಹೆಸರಿನ ವ್ಯಾಪಾರದಲ್ಲಿ ಎಲ್ಲಿ ಜಾಗ?

‘ಅವರು ಬರದಿದ್ದರೆ ಹೆಸರೇ ಸಾಯುತ್ತಿತ್ತಲ್ಲ’ ಎಂದು ನನ್ನ ಗೆಳೆಯನೊಬ್ಬ ವಾದಿಸುತ್ತಾನೆ. ಅವನು ಹೊಸ ಯೆಜ್ಡಿ ಕೊಂಡವನು, ಖುಷಿಯಾಗಿ ಓಡಿಸುತ್ತಾನೆ, ಗಾಡಿ ಚೆನ್ನಾಗಿಯೇ ಇದೆ. ಕಂಪನಿ ಮುಳುಗಲಿ ಎಂದು ನಾನೂ ಹೇಳುತ್ತಿಲ್ಲ, ಮುಳುಗಿದರೆ ಮತ್ತೆ ಬೀದಿಗೆ ಬರುವವರು ಕೆಲಸಗಾರರೇ. ನಾನು ಹೇಳುವುದು ಖರ್ಚಿನ ಕ್ರಮದ ಬಗ್ಗೆ. 875 ಕೋಟಿಯಲ್ಲಿ ಒಂದು ಕೋಟಿ ತೆಗೆದು ಹಳೆಯ ಯೆಜ್ಡಿಯ ಪಿಸ್ಟನ್ನು, ರಿಂಗು, ಕ್ಲಚ್ ಪ್ಲೇಟು ಮತ್ತೆ ಎರಕ ಹೊಯ್ಯಿಸಲಿ. ಹಳೇ ಮೆಕ್ಯಾನಿಕ್ಕುಗಳನ್ನು ಕರೆದು, ಸಂಬಳ ಕೊಟ್ಟು, ಹೊಸ ಗಾಡಿಯ ಕೆಲಸ ಕಲಿಸಲಿ. ಇದು ದಾನವಲ್ಲ. ಹೊಸ ಗಾಡಿ ಕೊಳ್ಳುವ ಹುಡುಗ ಸಲಹೆ ಕೇಳುವುದು ಬೀದಿಯ ಮೆಕ್ಯಾನಿಕ್ಕನ್ನೇ. ಅವರು ‘ತಗೊಳ್ಳಪ್ಪ, ನಾನಿದೀನಿ’ ಅಂದರೆ ಆಗುವ ಮಾರಾಟ ಯಾವ ಸಿನಿಮಾ ನಟ ಹೇಳಿದರೂ ಆಗುವುದಿಲ್ಲ.

ಹೋದ ವಾರ ಅಪ್ಪನ ಗಾಡಿ ತೆಗೆದುಕೊಂಡು ಗ್ಯಾರೇಜಿಗೆ ಹೋಗಿದ್ದೆ. ಹೊಸ ಯೆಜ್ಡಿ ರಿಪೇರಿಗೆ ಬರುತ್ತದೆಯೇ ಎಂದು ಕೇಳಿದೆ. ‘ಬರ್ತಾವೆ. ಲ್ಯಾಪ್‌ಟಾಪು ಬೇಕಂತೆ, ನಮ್ಮತ್ರ ಎಲ್ಲಿದೆ, ವಾಪಸ್ ಕಳಿಸ್ತೀನಿ’ ಎಂದರು. ಮತ್ತೆ ಅಪ್ಪನ ಗಾಡಿಯ ಕ್ಲಚ್ ಕವರ್ ಬಿಚ್ಚಿ, ಪ್ಲೇಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಎರಡು ಸವೆದಿದ್ದವು. ‘ಇದು ಕೊನೇ ಸೆಟ್ಟು ಕಣಪ್ಪ, ಅಪ್ಪಂಗೆ ಹೇಳು, ನಿಧಾನಕ್ಕೆ ಓಡಿಸ್ಲಿ’ ಎಂದು ಅಟ್ಟದ ಏಣಿ ಹತ್ತಿದರು.